ವಕೀಲಿ ವಿದ್ಯೆಯ ಎಂಟು ವರ್ಷ

ಮಕ್ಕಳನ್ನು ಲಾ ಓದಿಸುವ ಯೋಚನೆಯುಳ್ಳ ಗೃಹಸ್ಥರಿಗೆ ಈ ತಿಂಗಳು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ. ಕಳಸದ ಬಳಿಯ ಸಂಸೆಯಂತಹ ಮಲೆನಾಡಿನ ಊರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇವೆ.

ಕಾಫಿ, ಅಡಕೆ, ಮೆಣಸುಗಳನ್ನು ನಂಬಿ ಬಾಳುವ ಸಂಸಾರಕ್ಕೆ ಕಾನೂನು ದೂರದ ವಸ್ತುವಲ್ಲ. ಪಹಣಿಯಲ್ಲಿ ಹೆಸರು ತಪ್ಪಿದರೆ ಸಾಲ ಹುಟ್ಟುವುದು ಕಷ್ಟ. ಪೋಡಿಯಾಗದ ಹಿಡುವಳಿ ಅಣ್ಣತಮ್ಮಂದಿರ ಮನಸ್ಸನ್ನು ಕೆಡಿಸುತ್ತದೆ. ತೋಟದ ಬೇಲಿಯೆಲ್ಲಿ, ಕಾಡಿನ ಗಡಿಯೆಲ್ಲಿ ಎಂಬ ವ್ಯಾಜ್ಯ ಅಪ್ಪನಿಂದ ಮಗನಿಗೆ ಬರುತ್ತದೆ. ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪಿನಂತೆ ಕುದುರೆಮುಖದ ಅದಿರಿನ ಗಣಿ ೨೦೦೫ರ ಕೊನೆಗೆ ನಿಂತುಹೋಯಿತು. ದೆಹಲಿಯ ಒಂದು ತೀರ್ಪು ಬೆಟ್ಟದ ಮೇಲಣ ಬದುಕನ್ನು ಹೇಗೆ ತಿರುಗಿಸಬಲ್ಲುದೆಂಬುದನ್ನು ಈ ಸೀಮೆಯವರು ಕಣ್ಣಾರೆ ಕಂಡವರು. ಆದುದರಿಂದ ಇಲ್ಲಿನ ಮಕ್ಕಳು ಕಾನೂನು ಕಲಿಯುವುದು ಯುಕ್ತವೇ ಸರಿ.

ಪಿ.ಯು.ಸಿ. ಮುಗಿಸಿದವರಿಗೆ ಐದು ವರ್ಷದ ವ್ಯಾಸಂಗ. ಬೇರೊಂದು ಪದವಿ ಪಡೆದವರಿಗೆ ಮೂರು ವರ್ಷ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ೧೯೮೮ರಿಂದ ಐದು ವರ್ಷದ ಪಾಠಕ್ರಮವಿದೆ. ಅಲ್ಲಿಗೆ ಸೇರಲು ದೇಶಮಟ್ಟದ ಪ್ರವೇಶ ಪರೀಕ್ಷೆಯನ್ನು ಗೆಲ್ಲಬೇಕು. ಅದು ದೊರೆಯದಿದ್ದರೆ ನಿರಾಶರಾಗಬೇಕಾದುದಿಲ್ಲ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳು ನಾಡಿನ ಹಲವು ಊರುಗಳಲ್ಲಿವೆ. ಘಟ್ಟವಿಳಿದರೆ ಉಡುಪಿ, ಮಂಗಳೂರುಗಳಲ್ಲಿಯೂ ಕಾನೂನು ಕಾಲೇಜುಗಳುಂಟು.

ಹಳ್ಳಿಯಿಂದ ಹೋದ ವಿದ್ಯಾರ್ಥಿಗೆ ಮೊದಲ ವರ್ಷ ಎದೆಗುಂದುವುದು ಸಹಜ. ತೀರ್ಪುಗಳೆಲ್ಲ ಇಂಗ್ಲಿಷಿನಲ್ಲಿ, ಅಣಕು ನ್ಯಾಯಾಲಯದಲ್ಲಿ ಎದ್ದು ವಾದಿಸುವಾಗ ಪಟ್ಟಣದ ಮಕ್ಕಳ ನಾಲಗೆ ಚುರುಕು. ರಜೆಗೆ ಬಂದ ಮಗಳು "ನನ್ನಿಂದಾಗದು" ಎಂದರೆ ಹಿರಿಯರು ಗಾಬರಿಪಡಬಾರದು. ಅಭ್ಯಾಸದಿಂದ ಭಾಷೆ ಕೈವಶವಾಗುವುದು. ಅವಳ ಬಳಿಯೂ ಒಂದು ಬಂಡವಾಳವಿದೆ. ಉಚ್ಚ ನ್ಯಾಯಾಲಯದ ವ್ಯವಹಾರ ಇಂಗ್ಲಿಷಿನದಾದರೂ, ನಮ್ಮ ರಾಜ್ಯದ ಅಧೀನ ನ್ಯಾಯಾಲಯಗಳಿಗೆ ಕನ್ನಡವೇ ಗೊತ್ತುಪಡಿಸಿದ ಭಾಷೆ. ಹಳೆಯ ಕ್ರಯಪತ್ರವನ್ನು ತಪ್ಪಿಲ್ಲದೆ ಓದಬಲ್ಲವರಿಗೆ ಅಲ್ಲಿ ಬೆಲೆಯುಂಟು.

ಐದು ವರ್ಷದ ವ್ಯಾಸಂಗದಲ್ಲಿ ಕಡಮೆಯೆಂದರೆ ಇಪ್ಪತ್ತು ವಾರ ವಕೀಲರ ಬಳಿ, ನ್ಯಾಯಾಲಯಗಳಲ್ಲಿ ಅಥವಾ ಅಂತಹ ಸಂಸ್ಥೆಗಳಲ್ಲಿ ಕೆಲಸ ಕಲಿಯಬೇಕೆಂಬ ನಿಯಮವಿದೆ. ಇವೆಲ್ಲವನ್ನೂ ಬೆಂಗಳೂರಿನಲ್ಲಿಯೇ ಕಳೆಯಬೇಕೆಂದೇನೂ ಇಲ್ಲ. ಕೆಲವು ವಾರಗಳನ್ನು ಮೂಡಿಗೆರೆಯ ನ್ಯಾಯಾಲಯದಲ್ಲಿ, ಹಿರಿಯ ವಕೀಲರೊಬ್ಬರ ಹಿಂದೆ ಕುಳಿತು ಕಳೆದರೆ, ನೆರೆಹೊರೆಯ ಕಕ್ಷಿಗಾರನ ಕಷ್ಟ ಎಂಥದೆಂಬುದು ತಿಳಿಯುತ್ತದೆ.

ಇನ್ನು ಮುಖ್ಯವಾದ ಮಾತು. ಪದವಿ ಬಂದೊಡನೆ ಸಂಪಾದನೆ ಬರುವುದೆಂದು ಮನೆಯವರು ಲೆಕ್ಕ ಹಾಕಬಾರದು. ವಕೀಲರ ಪರಿಷತ್ತಿನಲ್ಲಿ ಸನ್ನದು ಪಡೆಯಬೇಕು. ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನೋಂದಣಿಗೆ ೭೫೦ ರೂಪಾಯಿಗಿಂತಲೂ, ಪರಿಶಿಷ್ಟ ಜಾತಿ, ಪಂಗಡದವರಿಗೆ ೧೨೫ ರೂಪಾಯಿಗಿಂತಲೂ ಹೆಚ್ಚು ಶುಲ್ಕ ತೆಗೆದುಕೊಳ್ಳಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೪ರಲ್ಲಿ ತೀರ್ಪಿತ್ತುದು ಬಡವರಿಗೆ ದೊಡ್ಡ ಉಪಕಾರ. ಆದರೆ ಹಿರಿಯರ ಕೈಕೆಳಗಿನ ಮೊದಲ ವರ್ಷಗಳಲ್ಲಿ ಕೈಗೆ ಬರುವುದು ಅಲ್ಪ. ಪೇಟೆಯ ಬಾಡಿಗೆ, ಊಟಗಳಿಗೂ ಅದು ಸಾಲದು. ನ್ಯಾಯಾಧೀಶರಾಗಬೇಕೆಂಬ ಆಸೆಯುಳ್ಳವರಿಗಂತೂ ಮೊದಲು ಮೂರು ವರ್ಷದ ವಕೀಲಿ ಬೇಕೆಂದು ೨೦೨೫ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ವಿಧಿಸಿತು. ಹೀಗೆ ಐದಕ್ಕೆ ಮೂರು ಕೂಡಿದರೆ ಎಂಟು. ಐದೇ ವರ್ಷಕ್ಕೆ ಹಣ ಹೊಂದಿಸಿಕೊಂಡ ಮನೆ ಆರನೆಯ ವರ್ಷ ಬೇಸರಪಟ್ಟುಕೊಂಡರೆ, ಕಲಿತ ಹುಡುಗ ವೃತ್ತಿಯನ್ನೇ ಬಿಟ್ಟು ಸಿಕ್ಕಿದ ನೌಕರಿಯನ್ನು ಹಿಡಿಯುತ್ತಾನೆ.

ಬೆಂಗಳೂರಿನ ಕಂಪೆನಿಗಳಲ್ಲಿ ಕಾನೂನು ಬಲ್ಲವರಿಗೆ ಸಂಬಳದ ಕೆಲಸವುಂಟು. ಅದನ್ನು ಬಯಸುವುದು ತಪ್ಪಲ್ಲ. ತಾಲ್ಲೂಕಿನ ವಕೀಲಿಯನ್ನು ಮಾತ್ರ ಸೋತವರ ಪಾಲೆಂದು ಹೀಗಳೆಯಬಾರದೆಂಬುದು ನಮ್ಮ ಬಿನ್ನಹ. ೧೯೮೭ರ ಕಾಯಿದೆಯಂತೆ ಸ್ತ್ರೀಯರು ಉಚಿತ ಕಾನೂನು ನೆರವಿಗೆ ಅರ್ಹರು. ಆದರೆ ಅಪರಿಚಿತರೆದುರು ಮನೆಯ ದುಃಖ ಹೇಳಲು ಎಷ್ಟು ಮಂದಿ ಮುಂದೆ ಬಂದಾರು? ಊರಿನದೇ ಹೆಣ್ಣುಮಗಳೊಬ್ಬಳು ಕರಿಯ ಕೋಟು ತೊಟ್ಟು ಅಲ್ಲಿದ್ದರೆ ಅವರ ನಾಲಗೆ ಬಿಚ್ಚೀತು.

ಕಾಲೇಜಿನ ಅರ್ಜಿ ತುಂಬುವ ಮುನ್ನ ಮನೆಯವರೆಲ್ಲ ಒಮ್ಮೆ ಕುಳಿತು ಈ ಎಂಟು ವರ್ಷದ ಖರ್ಚನ್ನು ಬರೆದು ನೋಡಲಿ. ತೋಟದ ಫಸಲು ಒಂದೆರಡು ವರ್ಷ ಕೈಕೊಟ್ಟರೂ ನಡೆದೀತೇ ಎಂಬುದನ್ನು ಮಕ್ಕಳೆದುರಿಗೇ ಮಾತಾಡಲಿ. ಆಗ ಅವರು ಮನೆಯ ಶಕ್ತಿಯನ್ನು ಅರಿತು ತಮ್ಮ ಗುರಿಯನ್ನು ಆರಿಸಿಕೊಳ್ಳುವರೆಂದು ನಂಬಿದ್ದೇವೆ.