ನರಿಯ ಕೂಗು, ನಮ್ಮ ಚರಗ

ನರಿ ಕೂಗಿದರೆ ಗಿರಿಗೆ ಮುಟ್ಟೀತೇ ಎಂಬ ಗಾದೆಯನ್ನು ಎಷ್ಟು ತರಗತಿಗಳಿಗೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಗಿರಿಗೆ ಮುಟ್ಟುತ್ತದೋ ಇಲ್ಲವೋ, ಒಂದು ನರಿಯ ಕೂಗು ಇನ್ನೊಂದು ನರಿಗಂತೂ ಮುಟ್ಟುತ್ತದೆ. ಮುಸ್ಸಂಜೆ ಹಳ್ಳದ ಆಚೆ ಒಂದು ದನಿ ತೆಗೆದರೆ ಸಾಕು, ಅದರ ಮನೆಮಂದಿಯೆಲ್ಲ ದನಿಗೂಡಿಸುತ್ತವೆ. ಗಂಡು ಹೆಣ್ಣು ಜೋಡಿಯಾಗಿದ್ದು, ಇಬ್ಬರೂ ಕೂಡಿ ಮರಿ ಸಾಕುವ ಪ್ರಾಣಿ ಅದು. ಕರೆದರೆ ಓಗೊಡುವ ಈ ಗುಣವನ್ನೇ ಹಿಡಿದು ಅದನ್ನು ಕೊಲ್ಲುವುದಕ್ಕೆ ಜಾಣತನ ಎನ್ನುವವರಿದ್ದಾರೆ. ನನಗೆ ಬೇರೆ ಮಾತು ಬಾಯಿಗೆ ಬರುತ್ತದೆ.

ಕಳೆದ ಶೀಗಿ ಹುಣ್ಣಿಮೆಗೆ ಶಿಗ್ಗಾಂವದ ಹತ್ತಿರ ತಂಗಿಯ ಹೊಲಕ್ಕೆ ಹೋಗಿದ್ದೆ. ಈ ಹಬ್ಬ ನಿಮಗೆ ಗೊತ್ತಿದ್ದದ್ದೇ. ಭೂತಾಯಿ ಬಸುರಿ ಎಂದು ಬಯಕೆಯ ಊಟ ಒಯ್ಯುತ್ತೇವೆ. ಕಡುಬು, ರೊಟ್ಟಿ, ಬುತ್ತಿ, ಪಲ್ಯ ಎಲ್ಲ ಕಲೆಸಿ ಹೊಲದ ತುಂಬ ಚರಗ ಚೆಲ್ಲುತ್ತೇವೆ. ಹುಳ, ಹಕ್ಕಿ, ಇಲಿ, ಇರುವೆ ಯಾರ ಪಾಲೂ ತಪ್ಪಬಾರದೆಂಬ ಶಾಸ್ತ್ರ. ಊಟ ಮುಗಿಸಿ ಹೆಂಗಸರು ಬುಟ್ಟಿ ಕಟ್ಟುತ್ತಿದ್ದಾಗ ಪಕ್ಕದ ಹೊಲಕ್ಕೆ ಐದಾರು ಹುಡುಗರು ನಾಯಿ, ಬಲೆ, ಬಡಿಗೆ ಹಿಡಿದು ಬಂದರು. ಅರ್ಧ ಮುರಿದ ಗೋವಿನಜೋಳದ ಸಾಲಿನ ಹಿಂದೆ ಒಬ್ಬ ಕೂತು ಎರಡೂ ಅಂಗೈ ಬಾಯಿಗೆ ಹಿಡಿದು ಪೆಟ್ಟಾದ ಮೊಲದ ಹಾಗೆ ಕಿರುಗುಟ್ಟತೊಡಗಿದ. ಇನ್ನೊಬ್ಬ ಮೊಬೈಲಿನಲ್ಲಿ ನರಿಮರಿಯ ಅಳು ಹಚ್ಚಿದ. ಸ್ವಲ್ಪ ಹೊತ್ತಿಗೆಲ್ಲ ಬದುವಿನ ಮೇಲೆ ಒಂದು ನರಿ ಕಾಣಿಸಿತು. ನಿಂತು, ಕಿವಿ ನಿಗುರಿಸಿ, ಅಳು ಬಂದ ಕಡೆಗೇ ನೇರ ನಡೆದು ಬಂತು. ಮುಂದಿನದನ್ನು ಬರೆಯಲಾರೆ. ಅದು ಹೆಣ್ಣು ನರಿ ಎಂದಷ್ಟೇ ಹೇಳುತ್ತೇನೆ.

"ಅಕ್ಕೋರ, ಕುರಿಮರಿ ಒಯ್ತಾವ್ರಿ, ಬಿಟ್ರ ಹೆಂಗ?" ಅಂದ ಒಬ್ಬ.

"ಈ ವರ್ಷ ಎಷ್ಟ ಒಯ್ದಾವಪಾ?"

"ಈ ವರ್ಷ ಇಲ್ಲ ಬಿಡ್ರಿ. ಹ್ವಾದ ವರ್ಷ ಒಂದು. ಅದೂ ನಾಯಿನೋ ನರಿನೋ, ಕಂಡವ್ರಿಲ್ಲ."

ನರಿ ಮರಿ ಒಯ್ಯುವುದೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಒಯ್ಯುತ್ತದೆ. ಕಲ್ಲಂಗಡಿಗೆ, ಗೋವಿನಜೋಳದ ತೆನೆಗೂ ಬಾಯಿ ಹಾಕುತ್ತದೆ. ಆದರೆ ಅದರ ಹೊಟ್ಟೆಗೆ ಹೋಗುವುದರಲ್ಲಿ ಇಲಿ ಹೆಗ್ಗಣಗಳೇ ಬಹಳ. ಸರ್ಬಿಯಾ ದೇಶದ ನರಿಗಳು ವರ್ಷಕ್ಕೆ ಬೆಳೆ ತಿನ್ನುವ 1 ಕೋಟಿ 30 ಲಕ್ಷದಷ್ಟು ಇಲಿಗಳನ್ನು ತಿನ್ನುತ್ತವೆಂದು 2016ರಲ್ಲಿ ಅಲ್ಲಿಯ ವಿಜ್ಞಾನಿಗಳು ಅಂದಾಜು ಮಾಡಿದರು. ಅಲ್ಲಿರುವುದೂ ನಮ್ಮ ಹಳ್ಳದಲ್ಲಿರುವ ಜಾತಿಯೇ. ಪುಕ್ಕಟೆ ಕೆಲಸ ಮಾಡುವ ಈ ಆಳನ್ನು ಕೊಂದು, ಪೇಟೆಯಿಂದ ಇಲಿ ಪಾಷಾಣ ತಂದು ಹೊಲಕ್ಕೆ ಹಾಕುವ ನಮ್ಮ ಗಂಡಸರ ಲೆಕ್ಕ ನನಗಂತೂ ತಿಳಿಯದು. ಅಮೆರಿಕದಲ್ಲಿ ನರಿಯ ಸೋದರಿಯಂಥ ಕಯೋಟಿ ಎಂಬ ಪ್ರಾಣಿಯಿದೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅದನ್ನು ವಿಷವಿಟ್ಟು, ಬೋನಿಟ್ಟು, ಹೀಗೆಯೇ ಮೊಲದ ದನಿ ತೆಗೆದು ಕರೆದು, ಗುಂಡಿಟ್ಟು ಕೊಲ್ಲುತ್ತಿದ್ದಾರೆ. ಅದೋ, ಹವಾಯಿ ಒಂದನ್ನು ಬಿಟ್ಟು ಎಲ್ಲ ರಾಜ್ಯಗಳಿಗೂ ಹಬ್ಬಿದೆ! ಕೊಂದು ಕೊಂದು ಕುರಿ ಉಳಿಸಿಕೊಂಡರೆಂಬ ಮಾತೂ ಇದೆಯಲ್ಲ, ಅದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ನಮ್ಮ ತಾಲ್ಲೂಕಿನ ಬಂಕಾಪುರದ ಕೋಟೆಯಲ್ಲಿ ನವಿಲುಧಾಮವಿದೆ. ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದು ಹೆಮ್ಮೆಯಿಂದ ತೋರಿಸುತ್ತೇವೆ. ನವಿಲೇನು ಬೆಳೆ ತಿನ್ನುವುದಿಲ್ಲವೇ? ಮೊಳಕೆಯನ್ನು ಸಾಲಿಗೆ ಸಾಲೇ ಕೆದರಿ ಹಾಕುತ್ತದೆ. ಆದರೂ ಕೊಲ್ಲಿರೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಏಕೆಂದರೆ ಅದಕ್ಕೆ ಗರಿಯಿದೆ. (ಗಂಗಾವತಿ ಕಡೆ ಇನ್ನೊಂದು ಬಂಕಾಪುರವಿದೆ, ಅಲ್ಲಿ ತೋಳಕ್ಕೇ ಧಾಮ ಮಾಡಿದ್ದಾರೆ. ಎರಡು ಬಂಕಾಪುರದ ನಡುವೆ ನರಿಗೆ ಮಾತ್ರ ಜಾಗವಿಲ್ಲ.) ಕಾಯ್ದೆ ಈ ಭೇದ ಮಾಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ನರಿಯೂ ನವಿಲಿನ ಜೊತೆಗೆ ಒಂದನೆಯ ಅನುಸೂಚಿಯಲ್ಲಿದೆ. ಕೊಂದವರಿಗೆ ಕಡಿಮೆಯೆಂದರೆ ಮೂರು ವರ್ಷ ಜೈಲು, 25 ಸಾವಿರ ರೂಪಾಯಿ ದಂಡ. ಆ ಹುಡುಗರಿಗೆ ಇದನ್ನು ಹೇಳಿದೆ. "ಇಲ್ಲಿ ಯಾರ ನೋಡ್ತಾರ್ರಿ" ಅಂದರು. ನಾನು ಎದುರಿಗೇ ನಿಂತಿದ್ದೆ!

ಎಲ್ಲ ತಪ್ಪನ್ನೂ ಗಂಡಸರ ಮೇಲೆ ಹೊರಿಸಿದರೆ ಮಾತು ಮುಗಿಯುವುದಿಲ್ಲ. ಸತ್ತ ನರಿಯ ತಲೆ ಯಾಕೆ ಬೇಕು ಹೇಳಿ? ನರಿಕೊಂಬಿಗೆ. ಜಾತ್ರೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಅದನ್ನು ಗುಟ್ಟಾಗಿ ಮಾರುತ್ತಾರೆ. ಕೊಳ್ಳುವವರಲ್ಲಿ ಓದಿದ ಹೆಂಗಸರಿದ್ದಾರೆ, ಪಗಾರ ಎಣಿಸುವವರಿದ್ದಾರೆ. ಮನೆಗೆ ಲಕ್ಷ್ಮಿ ಬರಲೆಂದು, ಮಗಳಿಗೆ ಸಂಬಂಧ ಕೂಡಲೆಂದು, ಸೊಸೆಗೆ ಮಕ್ಕಳಾಗಲೆಂದು. ನರಿಗೆ ಕೊಂಬೇ ಇಲ್ಲ ಕಣ್ರಮ್ಮಾ! ನಾಯಿಗೆಲ್ಲಿದೆ ಕೊಂಬು? ತಲೆಬುರುಡೆಯ ಮೂಳೆಯ ಚೂರನ್ನು ಕೂದಲಿರುವ ಚರ್ಮದ ಸಮೇತ ಕೆತ್ತಿ ಕೊಡುತ್ತಾರೆ, ಅಷ್ಟೇ. ಬಲೆ ಬೀಸುವ ಬಡವನನ್ನು ಹಿಡಿದು ಬೈಯುವುದು ಸುಲಭ. ಅವನ ಕೈಗೆ ರೊಕ್ಕ ಇಡುವವರು ನಮ್ಮ ನಿಮ್ಮಂಥ ಮನೆಗಳಲ್ಲೇ ಇದ್ದಾರೆ.

ನಮ್ಮ ಓಣಿಯ ಒಬ್ಬರು ಇಂಥದೊಂದನ್ನು ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಿದ್ದಾರೆ. ತೆಗೆದು ನನ್ನ ಕೈಗೆ ಕೊಟ್ಟು, "ಹಂಗಾರ ಇದು ಏನ್ರಿ ಅಕ್ಕೋರ?" ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಮತ್ತೆ ಭರಣಿಗೇ ಹಾಕಿ ಮುಚ್ಚಳ ಮುಚ್ಚಿದರು. "ಇರ್ಲಿ ಬಿಡ್ರಿ, ಎರಡ ಸಾವಿರ ಕೊಟ್ಟೇನಿ" ಅಂದರು.