ಅಲ್ಪ ವೆಚ್ಚದಲ್ಲಿ ಆಕಾಶದ ಛಾಯಾಗ್ರಹಣ

ನಕ್ಷತ್ರಗಳ ಛಾಯಾಚಿತ್ರ ತೆಗೆಯುವುದು ಸಿರಿವಂತರ ವಿನೋದವೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ತರುಣರ ಮಟ್ಟಿಗಂತೂ ಈ ಭಾವನೆಗೆ ಆಧಾರವಿಲ್ಲ. ಈ ಕಲೆಗೆ ಮೊದಲು ಬೇಕಾದುವು ಎರಡು: ಕತ್ತಲೆ ಮತ್ತು ಅಲುಗದ ಪೀಠ. ಪೀಠವನ್ನು ನಾವೇ ಮಾಡಿಕೊಳ್ಳಬಹುದು. ಕತ್ತಲೆಯನ್ನು ಎಷ್ಟು ಹಣ ತೆತ್ತರೂ ಕೊಳ್ಳಲಾಗದು.

ಹೊಸಬರು ಸಾಮಾನ್ಯವಾಗಿ ಮೊದಲು ದೂರದರ್ಶಕವನ್ನು ಕೊಳ್ಳಲು ಹೊರಡುತ್ತಾರೆ. ಇದು ತಲೆಕೆಳಗಾದ ಕ್ರಮ. ಅಗ್ಗದ ದೂರದರ್ಶಕದ ಕಾಲುಗಳು ಗಾಳಿಗೆ ನಡುಗುತ್ತವೆ. ಅದು ಬಿಂಬವನ್ನು ಹಿಗ್ಗಿಸುವಂತೆಯೇ ನಡುಕವನ್ನೂ ಹಿಗ್ಗಿಸುತ್ತದೆ. ಹೆಚ್ಚು ಹೊತ್ತು ಬೆಳಕನ್ನು ಗ್ರಹಿಸಬಲ್ಲ ಮೊಬೈಲು ಫೋನೊಂದು ಮನೆಯಲ್ಲಿದ್ದರೆ ಆರಂಭಕ್ಕೆ ಅದೇ ಸಾಕು. ಅದನ್ನು ಮುಕ್ಕಾಲಿಯ ಮೇಲೋ ಮರಳು ತುಂಬಿದ ಚೀಲದ ಮೇಲೋ ಭದ್ರವಾಗಿ ನಿಲ್ಲಿಸಬೇಕು.

ಭೂಮಿ 23 ಗಂಟೆ 56 ನಿಮಿಷಗಳಿಗೊಮ್ಮೆ ತನ್ನ ಸುತ್ತ ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ ಸುಮಾರು 15 ಡಿಗ್ರಿ ಸರಿಯುವಂತೆ ತೋರುತ್ತವೆ. ಆದುದರಿಂದ ಹೆಚ್ಚು ಹೊತ್ತು ಬೆಳಕನ್ನು ಗ್ರಹಿಸಿದರೆ ಚುಕ್ಕೆ ಗೆರೆಯಾಗುತ್ತದೆ. ಫೋನಿನಲ್ಲಿ 10 ಸೆಕೆಂಡಿನ ಚಿತ್ರ ಕ್ಷೇಮಕರ. ಅಂಥ ಒಂದು ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವ ಚುಕ್ಕೆಗಳು ಹೆಚ್ಚು. ಆದರೆ 16 ಚಿತ್ರಗಳನ್ನು ತೆಗೆದು, ಸಿರಿಲ್‌ನಂಥ ಉಚಿತ ತಂತ್ರಾಂಶದಿಂದ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರೆ ಈ ದೋಷ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ.

ಮುಂದಿನ ಹೆಜ್ಜೆಗೆ ಎರಡು ಹಲಗೆ, ಒಂದು ಕೀಲು, 6 ಮಿಲಿಮೀಟರಿನ ಒಂದು ಬೋಲ್ಟು ಸಾಕು. ಈ ಬೋಲ್ಟು ಒಂದು ಸುತ್ತಿಗೆ 1 ಮಿಲಿಮೀಟರು ಸರಿಯುತ್ತದೆ. ಅದನ್ನು ಕೀಲಿನಿಂದ 22.9 ಸೆಂಟಿಮೀಟರು ದೂರದಲ್ಲಿ ಹೊಂದಿಸಿ ನಿಮಿಷಕ್ಕೊಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ನಕ್ಷತ್ರಗಳ ವೇಗದಲ್ಲಿಯೇ ಏಳುತ್ತದೆ. ಕೀಲಿನ ಅಕ್ಷ ಧ್ರುವ ನಕ್ಷತ್ರದತ್ತ ಇರಬೇಕು. ನಮ್ಮ ಈ ಊರುಗಳಲ್ಲಿ ಅದು ದಿಗಂತದಿಂದ ಸುಮಾರು 13 ಡಿಗ್ರಿ ಮಾತ್ರ ಮೇಲಿದೆ. ಮರದ ಆಟಿಕೆಗಳನ್ನು ಕಡೆಯುವ ಚನ್ನಪಟ್ಟಣದ ಕುಶಲಿಗಳಿಗೆ ಆ ಬೋಲ್ಟಿಗೊಂದು ಹಿಡಿ ಮಾಡಿಕೊಡುವುದು ದೊಡ್ಡ ಕೆಲಸವೇನಲ್ಲ. ಶಾಲೆಗೊಂದು ಇಂಥ ಉಪಕರಣವಿದ್ದರೆ ತ್ರಿಕೋಣಮಿತಿಯ ಪಾಠವೂ ಅರ್ಥವತ್ತಾದೀತು.

ಇದೆಲ್ಲ ಕೇವಲ ಅಂದದ ಚಿತ್ರಕ್ಕಾಗಿ ಎಂದು ಯಾರೂ ತಿಳಿಯಬಾರದು. 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಆರ್ದ್ರಾ ನಕ್ಷತ್ರ ಬರಿಗಣ್ಣಿಗೂ ಸ್ಪಷ್ಟವಾಗಿ ಮಂಕಾಯಿತು. ಒಂದೇ ಭಾಗದ ಆಕಾಶವನ್ನು ವಾರಕ್ಕೊಮ್ಮೆ ಚಿತ್ರಿಸುತ್ತಿದ್ದ ಯಾವ ವಿದ್ಯಾರ್ಥಿಯಾದರೂ ಅದನ್ನು ಅಳೆಯಬಹುದಾಗಿತ್ತು.

ಇನ್ನು ಕತ್ತಲೆಯ ಮಾತು. ಬೆಂಗಳೂರಿನ ಬೆಳಕು ಮಾಗಡಿಗೆ ಪೂರ್ವದಲ್ಲಿ, ರಾಮನಗರ ಚನ್ನಪಟ್ಟಣಗಳಿಗೆ ಈಶಾನ್ಯದಲ್ಲಿ, ಕನಕಪುರಕ್ಕೆ ಬಹುಮಟ್ಟಿಗೆ ಉತ್ತರದಲ್ಲಿ ಹರಡಿದೆ. ಆದುದರಿಂದ ಕನಕಪುರದ ದಕ್ಷಿಣದ ಹಳ್ಳಿಗಳಲ್ಲಿ ವೃಶ್ಚಿಕ, ಧನುಸ್ಸು ರಾಶಿಗಳ ಕಡೆಯ ಆಕಾಶಗಂಗೆಯನ್ನು ಚಿತ್ರಿಸಲು ಅನುಕೂಲ ಹೆಚ್ಚು. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನು ಆರಿಸಿಕೊಳ್ಳಬೇಕು. ಸಾವನದುರ್ಗದ ಅರಣ್ಯಕ್ಕಾಗಲಿ, ರಣಹದ್ದುಗಳ ಧಾಮವಾದ ರಾಮದೇವರ ಬೆಟ್ಟಕ್ಕಾಗಲಿ ರಾತ್ರಿಯಲ್ಲಿ ಹೋಗತಕ್ಕದ್ದಲ್ಲ. ಮನೆಯ ಮಾಳಿಗೆಯೋ ಹಿರಿಯರೊಡನೆ ಹೊಲದ ಬದುವೋ ಸಾಕು.

ಈ ಕತ್ತಲೆ ಶಾಶ್ವತವಲ್ಲ. ಮೇಲಕ್ಕೂ ಬೆಳಕು ಚೆಲ್ಲುವ ಒಂದೊಂದು ಬೀದಿದೀಪವೂ ಅದನ್ನು ಸವೆಸುತ್ತದೆ. ದೀಪ ಬೇಡವೆಂದು ಯಾರೂ ಹೇಳುವುದಿಲ್ಲ; ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮರೆ ಇರಲಿ ಎಂಬುದಷ್ಟೇ ಬೇಡಿಕೆ. ಒಂದೇ ಜಾಗದಿಂದ, ಒಂದೇ ರೀತಿಯಲ್ಲಿ, ವರ್ಷಕ್ಕೊಮ್ಮೆ ತೆಗೆದ ಚಿತ್ರಗಳು ಆಕಾಶ ಎಷ್ಟು ಬೆಳ್ಳಗಾಯಿತೆಂಬುದನ್ನು ತೋರಿಸಬಲ್ಲವು. ಗ್ರಾಮ ಪಂಚಾಯಿತಿಯ ಮುಂದೆ ಅವನ್ನು ಇಡುವ ವಿದ್ಯಾರ್ಥಿಯ ಮಾತಿಗೆ ತೂಕವಿರುತ್ತದೆ. ಆ ಮೊದಲ ಚಿತ್ರವನ್ನು ಈ ವರ್ಷವೇ ತೆಗೆದಿಡುವುದು ಲೇಸು.