ಕೈ ಕೆಳಗಿನಿಂದ ಚೆಂಡೆಸೆದರೆ ಭುಜಕ್ಕೆ ಆಯಾಸವೇ ಆಗುವುದಿಲ್ಲವೇ?

ಅಮೆರಿಕದ ಹೈಸ್ಕೂಲುಗಳಲ್ಲಿ ಹುಡುಗಿಯರು ಆಡುವ ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ಬಗ್ಗೆ ಒಂದು ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ: "ಕೈ ಕೆಳಗಿನಿಂದ ಎಸೆಯುವುದು ದೇಹಕ್ಕೆ ಸಹಜ. ಹಾಗಾಗಿ ಒಬ್ಬಳೇ ಹುಡುಗಿ ಪ್ರತಿದಿನ ಎಸೆದರೂ ತೊಂದರೆಯಿಲ್ಲ." ಇದು ನಿಜವೇ? ನೋಡೋಣ.

ಪಿಚರ್ ಯಾಕೆ ಅಷ್ಟು ಮುಖ್ಯ?

ಕ್ರಿಕೆಟ್‌ನಲ್ಲಿ ಪಿಚ್ ಎಂದರೆ ಅಂಕಣ. ಇಲ್ಲಿ ಪಿಚ್ ಎಂದರೆ ಎಸೆತ, ಎಸೆಯುವವಳು ಪಿಚರ್. ಕ್ರಿಕೆಟ್‌ನಲ್ಲಿ ಒಬ್ಬ ಬೌಲರ್ ಸತತ ಎರಡು ಓವರ್ ಹಾಕುವಂತಿಲ್ಲ. ಏಕದಿನ ಪಂದ್ಯದಲ್ಲಿ 10 ಓವರ್‌ಗಳ ಮಿತಿಯೂ ಇದೆ. ಸಾಫ್ಟ್‌ಬಾಲ್‌ನಲ್ಲಿ ಹಾಗಿಲ್ಲ. ಹೈಸ್ಕೂಲ್ ಪಂದ್ಯದ 7 ಇನಿಂಗ್ಸ್‌ಗಳನ್ನೂ ಒಬ್ಬಳೇ ಎಸೆಯಬಹುದು. ಪ್ರತಿ ಆಟ ಶುರುವಾಗುವುದೇ ಅವಳ ಕೈಯಿಂದ. ಅವಳು ಚೆನ್ನಾಗಿ ಎಸೆದರೆ ಉಳಿದ 8 ಜನರಿಗೆ ಕೆಲಸ ಕಡಿಮೆ. ಆದ್ದರಿಂದಲೇ ಒಳ್ಳೆಯ ಪಿಚರ್ ಸಿಕ್ಕರೆ ಕೋಚ್‌ಗಳು ಅವಳನ್ನೇ ಮತ್ತೆ ಮತ್ತೆ ಇಳಿಸುತ್ತಾರೆ.

ಎಸೆತ ನಿಧಾನವೇ?

ಅಲ್ಲ. ಹೈಸ್ಕೂಲ್ ಸಾಫ್ಟ್‌ಬಾಲ್‌ನಲ್ಲಿ ಎಸೆತದ ದೂರ 43 ಅಡಿ, ಬೇಸ್‌ಬಾಲ್‌ನಲ್ಲಿ 60 ಅಡಿ 6 ಇಂಚು. ಗಂಟೆಗೆ 96 ಕಿ.ಮೀ. ವೇಗದ ಚೆಂಡು 43 ಅಡಿ ದಾಟಲು ಸುಮಾರು ಅರ್ಧ ಸೆಕೆಂಡ್ ಸಾಕು. ಅಷ್ಟೇ ಹೊತ್ತಿನಲ್ಲಿ ಬೇಸ್‌ಬಾಲ್ ತನ್ನ ದೂರ ದಾಟಬೇಕಾದರೆ ಗಂಟೆಗೆ ಸುಮಾರು 135 ಕಿ.ಮೀ. ವೇಗ ಬೇಕು. 2004ರ ಒಂದು ಪ್ರದರ್ಶನ ಪಂದ್ಯದಲ್ಲಿ ಒಲಿಂಪಿಕ್ ಆಟಗಾರ್ತಿ ಜೆನ್ನಿ ಫಿಂಚ್, ಬೇಸ್‌ಬಾಲ್‌ನ ದೈತ್ಯ ಬ್ಯಾಟರ್ ಆಲ್ಬರ್ಟ್ ಪೂಹೋಲ್ಸ್ ಅವರನ್ನೇ ಔಟ್ ಮಾಡಿದ್ದರು.

ಭುಜಕ್ಕೆ ಏನಾಗುತ್ತದೆ?

ಇಷ್ಟು ವೇಗ ಬರಲು ಪಿಚರ್ ತನ್ನ ಕೈಯನ್ನು ಗಾಳಿಯಂತ್ರದ ರೆಕ್ಕೆಯಂತೆ ಪೂರ್ತಿ ಒಂದು ಸುತ್ತು ತಿರುಗಿಸುತ್ತಾಳೆ. ಆಗ ತೋಳು ಭುಜದ ಕೀಲಿನಿಂದ ಹೊರಕ್ಕೆ ಎಳೆಯಲ್ಪಡುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ಕೆಲಸ ಸ್ನಾಯುಗಳದ್ದು.

1998ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಎಸೆತದಲ್ಲಿ ಭುಜದ ಮೇಲೆ ಬೀಳುವ ಬಲ ಬೇಸ್‌ಬಾಲ್ ಎಸೆತಕ್ಕೆ ಹತ್ತಿರವಿದೆ ಎಂದು ತೋರಿಸಿತು. 2009ರ ಇನ್ನೊಂದು ಅಧ್ಯಯನದಲ್ಲಿ, ತೋಳಿನ ಮುಂಭಾಗದ ಬೈಸೆಪ್ಸ್ ಸ್ನಾಯು ಮೇಲಿನಿಂದ ಎಸೆಯುವಾಗಿಗಿಂತ ಇಲ್ಲೇ ಹೆಚ್ಚು ದುಡಿಯುತ್ತದೆ ಎಂದು ಕಂಡುಬಂತು. ಇವು ಕೆಲವೇ ಆಟಗಾರ್ತಿಯರ ಮೇಲೆ ನಡೆದ ಅಧ್ಯಯನಗಳು. ಎಸೆಯುವವರಿಗೆಲ್ಲ ಪೆಟ್ಟಾಗುತ್ತದೆ ಎಂದು ಇದರರ್ಥವಲ್ಲ. ಆದರೆ "ಆಯಾಸವೇ ಇಲ್ಲ" ಎಂಬ ಮಾತು ಮಾತ್ರ ನಿಲ್ಲುವುದಿಲ್ಲ.

ನಿಯಮ ಏನು ಹೇಳುತ್ತದೆ?

2017ರಿಂದ ಹೈಸ್ಕೂಲ್ ಬೇಸ್‌ಬಾಲ್‌ನಲ್ಲಿ ಪ್ರತಿ ರಾಜ್ಯವೂ ಎಸೆತಗಳ ಸಂಖ್ಯೆಗೆ ಮಿತಿ ಇಡಬೇಕೆಂಬ ರಾಷ್ಟ್ರಮಟ್ಟದ ನಿಯಮ ಬಂತು. ಆಗ ಹುಡುಗಿಯರ ಸಾಫ್ಟ್‌ಬಾಲ್‌ಗೆ ಅಂಥ ನಿಯಮ ಬರಲಿಲ್ಲ. ನಿಯಮ ಕಾಯದ ಕಡೆ ಮನೆಯವರು ಮತ್ತು ಕೋಚ್‌ಗಳೇ ಕಾಯಬೇಕು.

ಮನೆಯವರು ಏನು ಮಾಡಬಹುದು?

• ಪಂದ್ಯದ್ದಷ್ಟೇ ಅಲ್ಲ, ಅಭ್ಯಾಸದ ಎಸೆತಗಳನ್ನೂ ಎಣಿಸಿ ಫೋನಿನಲ್ಲಿ ಬರೆದಿಡಿ.
• ಶಾಲಾ ತಂಡ, ಕ್ಲಬ್ ತಂಡ ಎರಡರಲ್ಲೂ ಆಡುತ್ತಿದ್ದರೆ ಲೆಕ್ಕವನ್ನು ಒಟ್ಟಿಗೆ ನೋಡಿ.
• ಸತತ ದಿನಗಳಲ್ಲಿ ಎಸೆಯದಂತೆ ವಿಶ್ರಾಂತಿ ಕೊಡಿ. ತಂಡದಲ್ಲಿ ಎರಡನೇ ಪಿಚರ್ ಇರಲಿ.
• ಭುಜದ ಮುಂಭಾಗದಲ್ಲಿ ನೋವೆಂದರೆ "ಸರಿಹೋಗುತ್ತೆ ಬಿಡು" ಎನ್ನಬೇಡಿ. ಎಸೆತ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಒಟ್ಟಿನಲ್ಲಿ

ಕೈ ಕೆಳಗಿನಿಂದ ಎಸೆದರೆ ಭುಜ ದಣಿಯುವುದಿಲ್ಲ ಎಂಬುದು ತಪ್ಪು. ತಂಡ ಗೆಲ್ಲಲು ಯಾರ ಕೈಯನ್ನು ನೆಚ್ಚಿಕೊಂಡಿದೆಯೋ, ಆ ಕೈಗೇ ಮೊದಲು ವಿಶ್ರಾಂತಿ ಬೇಕು. ನಿಮ್ಮ ನೆಂಟರಿಷ್ಟರಲ್ಲಿ ಈ ಆಟ ಆಡುವ ಹುಡುಗಿ ಇದ್ದರೆ, ಈ ವಿಷಯವನ್ನು ಅವರ ಮನೆಯವರಿಗೂ ತಿಳಿಸಿ.